ಇಂಗ್ಲಿಷಲ್ಲಿ ಹೇಳು

"ಅಕ್ಕೋರ, ನನ್ನ ಕೂಸು..." ಎನ್ನುತ್ತಾ ಮಹಡಿಯ ಬಾಡಿಗೆ ಕೋಣೆಯ ಶರಣಮ್ಮ ಓಡಿ ಬಂದು ನನ್ನ ಬಾಗಿಲಲ್ಲಿ ನಿಂತಳು. ನಾನು ಎಂದಿನಂತೆ ಕೈ ಎತ್ತಿ, "ಇಂಗ್ಲಿಷಲ್ಲಿ ಹೇಳು" ಎಂದೆ.

ಅದು ನಮ್ಮಿಬ್ಬರ ಕರಾರು. ಕಲಬುರಗಿ ಕಡೆಯ ಅವಳು ಸಿ.ವಿ. ರಾಮನ್ ನಗರದ ಆಫೀಸೊಂದರಲ್ಲಿ ಕ್ಲೀನಿಂಗ್ ಕೆಲಸ ಮಾಡುತ್ತಾಳೆ. ರಿಸೆಪ್ಷನ್‌ನಲ್ಲಿ ಕೂರುವ ಆಸೆ. ಹಾಗಾಗಿ ನನ್ನ ಹೊಸ್ತಿಲಲ್ಲಿ ಕನ್ನಡವಿಲ್ಲ. ನಿನ್ನೆ ಮಾಡಿದ್ದು, ಈಗ ಮಾಡುತ್ತಿರುವುದು, ನಾಳೆ ಮಾಡುವುದು, ಎಲ್ಲವನ್ನೂ ಇಂಗ್ಲಿಷಿನಲ್ಲೇ ಹೇಳಬೇಕು.

ಅವಳು ಒಂದೊಂದೇ ಪದ ಜೋಡಿಸಿದಳು. "ಮೈ ಬೇಬಿ ಈಸ್ ಇನ್‌ಸೈಡ್." ನಾನು ತಲೆಯಾಡಿಸಿದೆ. "ಶೀ ಹ್ಯಾಸ್ ಲಾಕ್ಡ್ ದ ಡೋರ್." ಅವಳು ಮಹಡಿಯತ್ತ ಕೈ ತೋರಿಸಿದಳು. "ದ ಸ್ಟವ್ ಈಸ್ ಬರ್ನಿಂಗ್."

ಸೀದ ಹಾಲಿನ ವಾಸನೆ ನನ್ನ ಮೂಗಿಗೆ ಬಡಿದದ್ದು ಆಗ.

ಇಬ್ಬರೂ ಮೆಟ್ಟಿಲು ಹತ್ತಿ ಓಡಿದೆವು. ಅವಳು ಬಟ್ಟೆ ಒಣಹಾಕಲು ಹೊರಬಂದಾಗ ಎರಡು ವರ್ಷದ ಮಗು ಒಳಗಿನಿಂದ ಚಿಲಕ ಹಾಕಿಕೊಂಡಿತ್ತು. ಕಂಬಿ ಹಾಕಿದ ಕಿಟಕಿಯಿಂದ ಹೊಗೆ ಬರುತ್ತಿತ್ತು. "ಇತ್ತ ಬಾ ನನ್ನವ್ವ, ನನ್ನ ಹಂತೇಲಿ ಬಾ" ಎಂದು ಶರಣಮ್ಮ ಕಿಟಕಿಯಲ್ಲಿ ಮಗುವನ್ನು ಕರೆದಳು. ಅದು ಬಾಗಿಲು ಬಿಟ್ಟು ಸರಿದ ಮೇಲೆ ಪಕ್ಕದ ಕೋಣೆಯ ಭಾಯಿ ಭುಜ ಕೊಟ್ಟು ಗುದ್ದಿದರು. ಮೂರನೇ ಗುದ್ದಿಗೆ ಚಿಲಕ ಕಿತ್ತು ಬಂತು.

ಮಗುವಿಗೆ ಏನೂ ಆಗಲಿಲ್ಲ. ಶರಣಮ್ಮ ಮರುದಿನ ಅದೇ ಹೊತ್ತಿಗೆ ಪಾಠಕ್ಕೆ ಬಂದು ಕೂತಳು. ಅವಳ ಆ ಮೂರು ವಾಕ್ಯಗಳಲ್ಲಿ ಒಂದೂ ತಪ್ಪಿರಲಿಲ್ಲ. ಆ ಹೊತ್ತಿನಲ್ಲಿ ನಾನು ಗಮನಿಸುತ್ತಿದ್ದುದು ಅದನ್ನೇ.