ಬಾರದ್ದರ ಪಟ್ಟಿ

ಹೋದ ವರ್ಷ ನಾನೂ ನನ್ನ ಗಂಡನೂ ಸೇರಿ ಮಗಳಿಗೆ ಮೂರು ವಾರ ಪಾಠ ಹೇಳಿಕೊಟ್ಟೆವು. ಅವಳು ಎಲ್ಲವನ್ನೂ ಕಲಿತಳು. ಅದರಿಂದಾದ ನಷ್ಟವನ್ನು ಸರಿಮಾಡಲು ಒಂದು ವರ್ಷ ಬೇಕಾಯಿತು. ಇದನ್ನು ನಮ್ಮ ಕಡೆಯವರಿಗೆ ಹೇಳಿದರೆ, ‘ಕಲಿಸಿದ್ದು ತಪ್ಪು ಹೇಗಾಗತ್ತೆ?’ ಎಂದು ನನ್ನನ್ನೇ ಕೇಳುತ್ತಾರೆ. ವಿವರಿಸುವ ತಾಳ್ಮೆ ಈಗ ನನಗಿಲ್ಲ.

ಮಗಳಿಗೆ ಒಂಬತ್ತು ವರ್ಷ. ಹುಟ್ಟುವಾಗ ಮಿದುಳಿಗೆ ಸಾಕಷ್ಟು ಆಮ್ಲಜನಕ ಸಿಗದೆ ಎಡಗೈ, ಎಡಗಾಲು ಬಿಗಿಯಾಗಿಯೇ ಉಳಿದವು. ವಾಕರ್ ಹಿಡಿದು ನಡೆಯುತ್ತಾಳೆ. ಮಾತು ನಿಧಾನ, ಓದು ಇನ್ನೂ ನಿಧಾನ. ಬೆಳಿಗ್ಗೆ ಚೆನ್ನಾಗಿಯೇ ಇರುತ್ತಾಳೆ, ಮಧ್ಯಾಹ್ನದ ಹೊತ್ತಿಗೆ ಮೈ ಸೋಲುತ್ತದೆ. ಆಗ ಮೇಜಿನಡಿ ನುಸುಳಿ ಕೂತು, ಹತ್ತಿರ ಬಂದವರ ಮೇಲೆಲ್ಲ ಕಿರುಚುತ್ತಾಳೆ. ಫ್ಲ್ಯಾಟ್ ಬುಷ್‌ನ ನಮ್ಮ ಮನೆಗೆ ಹತ್ತಿರದ ಮಾಮೂಲಿ ಶಾಲೆಗೇ ಹೋಗುತ್ತಾಳೆ, ಎಲ್ಲ ಮಕ್ಕಳ ಜೊತೆ ಒಂದೇ ತರಗತಿಯಲ್ಲಿ. ಮೈಸೂರು ಬಿಟ್ಟು ನಾವು ಬಂದು ನೆಲೆಸಿರುವ ಈ ದೇಶದಲ್ಲಿ ಅದು ಅವಳ ಹಕ್ಕು. ಆದರೆ ಆ ಹಕ್ಕು ನಿಂತಿರುವುದು ಅವಳ ಪಕ್ಕದ ಕುರ್ಚಿಯಲ್ಲಿ ಕೂತು ನೆರವಾಗುವ ಸಹಾಯಕಿ, ಟೀಚರ್ ಏಡ್ ಮೇಲೆ. ಸಮೋವಾ ದೇಶದ ಅಜ್ಜಿ ಆಕೆ. ಮೇಜಿನಡಿ ಕೂತವಳನ್ನು ಹೊರಗೆಳೆಯದೆ, ತಾವೂ ಕಷ್ಟಪಟ್ಟು ಬಗ್ಗಿ ಪಕ್ಕದಲ್ಲಿ ಕೂತುಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಇಬ್ಬರೂ ಹೊರಗೆ ಬರುತ್ತಾರೆ. ದಿನಕ್ಕೆ ಎಷ್ಟು ಗಂಟೆ ಆಕೆ ಮಗಳ ಜೊತೆ ಇರಬಹುದು ಎಂಬುದನ್ನು ನಿರ್ಧರಿಸುವವರು ಮಾತ್ರ ಹೊರಗಿನವರು, ಶಿಕ್ಷಣ ಇಲಾಖೆಯಿಂದ ಬರುವವರು. ಆಗಾಗ ಬಂದು ಒಂದು ಬೆಳಿಗ್ಗೆ ಮಗುವನ್ನು ನೋಡಿ ಹೋಗುತ್ತಾರೆ.

ಹಾಗೆ ನೋಡಲು ಬರುತ್ತಾರೆಂದು ಹೋದ ವರ್ಷ ಶಾಲೆಯಿಂದ ಇಮೇಲ್ ಬಂತು. ನಾವಿಬ್ಬರೂ ಅದನ್ನು ಪರೀಕ್ಷೆ ಎಂದೇ ಓದಿಕೊಂಡೆವು. ಮೈಸೂರಿನಲ್ಲಿ ಎಲ್‌ಕೆಜಿ ಸೀಟಿಗೂ ಇಂಟರ್ವ್ಯೂ ನೋಡಿದವರು ನಾವು. ಮನೆಗೆ ಯಾರೇ ಬರಲಿ, ಮಗುವನ್ನು ಎದುರಿಗೆ ನಿಲ್ಲಿಸಿ ‘ಆಂಟಿಗೆ ರೈಮ್ಸ್ ಹೇಳು’ ಅನ್ನುವ ಮನೆಗಳಲ್ಲಿ ಬೆಳೆದವರು. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಮೂರು ತುಂಬಿದಾಗ ಅಲ್ಲಿನ ಒಂದು ಶಾಲೆಯಲ್ಲಿ ನಮ್ಮನ್ನು ಕೂರಿಸಿ, ಕಾಫಿ ಕೊಟ್ಟು, “ಬೇರೆ ಮಕ್ಕಳ ಪೇರೆಂಟ್ಸ್ ಒಪ್ಪಲ್ಲಮ್ಮ, ನಮ್ಮ ಕೈಲಿ ಏನಿಲ್ಲ” ಅಂದಿದ್ದರು. ಆ ಕಾಫಿ ಇನ್ನೂ ನನ್ನ ಗಂಟಲಲ್ಲಿದೆ. ಇವರೂ ಅವಳನ್ನು ತೆಗೆದುಹಾಕಲು ನೆಪ ಹುಡುಕುತ್ತಿದ್ದಾರೆಂದೇ ನನಗೆ ಅನಿಸಿತು.

ಮಾರನೆಯ ದಿನದಿಂದಲೇ ತಾಲೀಮು ಶುರುವಾಯಿತು. ಊಟದ ಮೇಜು ತರಗತಿಯಾಯಿತು, ನೋಡಲು ಬಂದ ಹೆಂಗಸು ನಾನಾದೆ. ಬಂದವರಿಗೆ ಹಲೋ ಹೇಳುವುದು, ಬ್ಯಾಗನ್ನು ಕೊಕ್ಕೆಗೆ ಸಿಕ್ಕಿಸುವುದು, ಕರೆದಾಗ ಕೈಯೆತ್ತುವುದು, ಇಪ್ಪತ್ತರವರೆಗೆ ಎಣಿಸುವುದು. ತಪ್ಪಿದರೆ ಮತ್ತೆ ಮೊದಲಿಂದ. ಪಾಪ, ಒಂದು ದಿನವೂ ಅಳಲಿಲ್ಲ. ಅವರು ಬರುವ ದಿನ ಎರಡು ಜಡೆ ಹೆಣೆದು ಕಳಿಸಿದೆ. ಮೂರು ಗಂಟೆಗೆ ಕರೆದುಕೊಂಡು ಬರಲು ಹೋದಾಗ ಟೀಚರ್ ಬಾಗಿಲಲ್ಲೇ ನಿಂತು, “ಶೀ ವಾಸ್ ಅ ಸ್ಟಾರ್” ಅಂದರು. ಸಂಜೆ ಕೇಸರಿಬಾತ್ ಮಾಡಿದೆ.

ತಿಂಗಳಾದ ಮೇಲೆ ಕಾಗದ ಬಂತು. ಪ್ರಗತಿ ಬಹಳ ಸಂತೋಷದಾಯಕವಾಗಿದೆ, ಆದ್ದರಿಂದ ಇನ್ನು ಮುಂದೆ ಟೀಚರ್ ಏಡ್ ನೆರವು ಬೆಳಗಿನ ಅರ್ಧ ದಿನಕ್ಕೆ ಸಾಕು. ನನ್ನ ಗಂಡ ಎರಡು ಸಲ ಓದಿ, “ಏನೇ ಇದು, ಪ್ರಮೋಷನ್ನಾ ಪನಿಷ್‌ಮೆಂಟಾ?” ಎಂದು ಕೇಳಿದರು. ನನಗೆ ನಗು ಬರಲಿಲ್ಲ.

ನಾನು ಕೆಲಸ ಮಾಡುವುದು ಪೆನ್‌ರೋಸ್‌ನ ಒಂದು ವೇರ್‌ಹೌಸ್ ಆಫೀಸಿನಲ್ಲಿ. ಯಾವ ಲಾರಿಗೆ ಯಾವ ಸರಕು ಎಂದು ನೋಡುವ ಕೆಲಸ. ಆ ಕಾಗದ ಬಂದ ಮೇಲೆ ಹನ್ನೆರಡೂವರೆಗೆ ನನ್ನ ಫೋನ್ ಬಡಿದುಕೊಳ್ಳತೊಡಗಿತು. “ಇವತ್ತು ಅವಳಿಗೆ ಸ್ವಲ್ಪ ಜಾಸ್ತಿ ಆಯ್ತು, ಬಂದು ಕರ್ಕೊಂಡು ಹೋಗೋಕೆ ಆಗತ್ತಾ?” ಎಂದು ಶಾಲೆಯ ಆಫೀಸಿನವರು ನಯವಾಗಿ ಕೇಳುತ್ತಿದ್ದರು. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಾ. ಟೀಚರನ್ನು ದೂರುವ ಹಾಗಿಲ್ಲ, ಅವರಿಗೆ ಇನ್ನೂ ಇಪ್ಪತ್ತಾರು ಮಕ್ಕಳು. ಸ್ವೆಟರ್ ಹೆಗಲಿಗೆ ಹಾಕಿಕೊಂಡು, ತೆರೆಯದ ಊಟದ ಡಬ್ಬಿ ಸೀಟಿನ ಮೇಲೆ ಎಸೆದು, ಮೋಟರ್‌ವೇಯಲ್ಲಿ ಹೋಗುತ್ತಿದ್ದೆ. ಮಗಳು ಆಫೀಸಿನ ಬೆಂಚಿನ ಮೇಲೆ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಚಿತ್ರ ಬಿಡಿಸುವುದು, ಹಾಡು, ಆಟ, ಅವಳಿಗೆ ಇಷ್ಟವಾದದ್ದೆಲ್ಲ ಇರುವುದು ಮಧ್ಯಾಹ್ನ. ಅದೆಲ್ಲ ತಪ್ಪಿಹೋಯಿತು. ಜೊತೆ ಆಡುತ್ತಿದ್ದ ಇಬ್ಬರು ಹುಡುಗಿಯರೂ ಮೆಲ್ಲಗೆ ಬೇರೆಯವರ ಜೊತೆ ಸೇರಿಕೊಂಡರು. ನನಗೆ ಸಾಕಾಗಿ ಹೋಗಿತ್ತು. ಯಾರ ಮೇಲೆ ರೇಗಬೇಕೆಂದು ತಿಳಿಯದೆ ಗಂಡನ ಮೇಲೆ ರೇಗುತ್ತಿದ್ದೆ.

ಕೊನೆಗೆ ಟೀಚರೇ ಒಂದು ದಿನ ಕಾರಿನವರೆಗೂ ಬಂದು, ದನಿ ತಗ್ಗಿಸಿ ಹೇಳಿದರು. “ಮತ್ತೆ ಅರ್ಜಿ ಹಾಕಿ. ಆದ್ರೆ ಈ ಸಲ ಅವಳ ಒಳ್ಳೇ ದಿನದ್ದು ಬರೀಬೇಡಿ. ತೀರಾ ಕೆಟ್ಟ ದಿನ ಹೇಗಿರತ್ತೆ ಅಂತ ಬರೀರಿ.” ಹೇಳುವಾಗ ಚಿಕ್ಕ ವಯಸ್ಸಿನ ಆ ಟೀಚರ ಮುಖ ಕೆಂಪಾಗಿತ್ತು. ನಮಗೆ ಮೊದಲೇ ಯಾರಾದರೂ ಇದನ್ನು ಹೇಳಬಾರದಿತ್ತೇ ಅನಿಸಿತು. ಹೇಳಿದ್ದರೂ ನಾವು ಕೇಳುತ್ತಿದ್ದೆವೋ ಇಲ್ಲವೋ.

ಭಾನುವಾರ ಊಟವಾದ ಮೇಲೆ ಅರ್ಜಿ ಹರಡಿಕೊಂಡು ಕೂತೆವು. ನನ್ನ ಗಂಡ ಲ್ಯಾಪ್‌ಟಾಪ್ ತೆರೆದು, ಆಫೀಸಿನಲ್ಲಿ ಸಾಫ್ಟ್‌ವೇರಿನ ದೋಷಗಳನ್ನು ಬರೆಯುವ ಹಾಗೆ ಒಂದರ ಕೆಳಗೊಂದು ನಂಬರು ಹಾಕಿದರು.

“ಶೂ ಹಾಕ್ಕೊಳ್ತಾಳಾ?”

“ಹಾಕ್ಕೊಳ್ತಾಳೆ. ಇಪ್ಪತ್ತು ನಿಮಿಷ ಆಗತ್ತೆ.”

“ಹಾಗಾದ್ರೆ ಬರಲ್ಲ ಅಂತ ಹಾಕ್ತೀನಿ. ಜಾಕೆಟ್?”

“ಅದು ನಿಜವಾಗ್ಲೂ ಬರಲ್ಲ. ಜಿಪ್ ಸಿಕ್ಕಿಸೋಕೆ ಎರಡು ಕೈ ಬೇಕಲ್ಲ.”

“ನೀರಿನ ಬಾಟ್ಲು?”

“ರೀ, ಸ್ವಲ್ಪ ನಿಧಾನಕ್ಕೆ. ಮಗಳು ಕಣ್ರೀ ಅದು.”

“ನಂಗೊತ್ತಿಲ್ವೇನೇ? ಬರ್ದು ಮುಗಿಸ್ಬಿಡೋಣ, ಇದನ್ನ ಮತ್ತೆ ನೋಡೋದು ಬೇಡ.” ಅಷ್ಟು ಹೇಳಿ ಕನ್ನಡಕ ತೆಗೆದು ಒರೆಸತೊಡಗಿದರು. ಎಷ್ಟು ಹೊತ್ತಾದರೂ ಹಾಕಿಕೊಳ್ಳಲಿಲ್ಲ.

ಮಗಳು ಅಲ್ಲೇ ಸೋಫಾದ ಮೇಲಿದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಕೊಡುವುದು ಮಾತ್ರ ಇಂಗ್ಲಿಷಿನಲ್ಲಿ. ಅದು ಗೊತ್ತಿದ್ದೂ, ಅವಳು ಅಲ್ಲಿ ಇಲ್ಲವೇನೋ ಅನ್ನುವ ಹಾಗೆ ನಾವು ಮಾತಾಡಿದೆವು. ಪಟ್ಟಿ ಎರಡು ಪುಟವಾಯಿತು.

ಸಭೆ ನಡೆದದ್ದು ಈ ಚಳಿಗಾಲದಲ್ಲಿ, ಅರ್ಜಿ ಹಾಕಿ ಎರಡು ತಿಂಗಳಾದ ಮೇಲೆ. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಮಡಚಿಕೊಂಡು ಕೂತೆವು. ನಾವಿಬ್ಬರು, ಟೀಚರ್, ಸಮೋವಾದ ಅಜ್ಜಿ, ಮತ್ತು ನಿರ್ಧಾರ ಮಾಡಲು ಬಂದ ಹೆಂಗಸು. ಮಗುವಿನ ವಿಷಯ ಮಾತಾಡುವಾಗ ಮಗುವೂ ಇರಬೇಕೆಂದು ಮಗಳನ್ನೂ ಕರೆಸಿದ್ದರು. ಜಿಪ್ ಹಾಕದೆ ಜಾಕೆಟ್ಟನ್ನು ಮುಂದೆ ತೆರೆದುಕೊಂಡೇ ಬಂದು ನನ್ನ ಪಕ್ಕ ಕೂತಳು. ಬಂದ ಹೆಂಗಸು ಒಳ್ಳೆಯವರೇ. ಪಟ್ಟಿಯನ್ನು ಒಂದೊಂದಾಗಿ ಓದುತ್ತಾ, ಸರಿಯೇ ಎಂದು ನಮ್ಮನ್ನು ಕೇಳುತ್ತಾ ಹೋದರು. ತಾನಾಗಿ ಶೂ ಹಾಕಿಕೊಳ್ಳುವುದಿಲ್ಲ. ಸರಿ. ತಾನಾಗಿ ಊಟದ ಡಬ್ಬಿ ತೆಗೆಯುವುದಿಲ್ಲ. ಸರಿ. ತಾನಾಗಿ ಜಾಕೆಟ್ ಹಾಕಿಕೊಳ್ಳುವುದಿಲ್ಲ.

“ಯೆಸ್,” ಅಂದೆ ನಾನು.

ಮಗಳು ನನ್ನನ್ನು ನೋಡಿದಳು. ಪಟ್ಟಿ ಬರೆದಾಗ ಅದು ನಿಜವೇ ಆಗಿತ್ತು. ಆದರೆ ಆಮೇಲೆ, ಸಿಕ್ಕ ಅರ್ಧ ದಿನಗಳಲ್ಲೇ, ಅಜ್ಜಿ ಅವಳಿಗೆ ಒಂದು ಉಪಾಯ ಕಲಿಸಿದ್ದರು. ಜಾಕೆಟ್ಟಿನ ಅಂಚನ್ನು ಹೊಟ್ಟೆಗೂ ಮೇಜಿನ ಅಂಚಿಗೂ ನಡುವೆ ಒತ್ತಿ ಹಿಡಿದು, ಬಲಗೈಯೊಂದರಲ್ಲೇ ಜಿಪ್ ಸಿಕ್ಕಿಸುವುದು. ಅದು ಕೈಗೆ ಬಂದು ಹದಿನೈದು ದಿನವೂ ಆಗಿರಲಿಲ್ಲ. ಈಗ ಅವಳು ಮೆಲ್ಲಗೆ ಮುಂದಕ್ಕೆ ಜರುಗಿ ಹೊಟ್ಟೆಯನ್ನು ಮೇಜಿಗೆ ಒತ್ತಿದಳು. ನಾಲಿಗೆ ತುಟಿಯ ಮೂಲೆಗೆ ಬಂತು. ಬೆರಳು ಜಿಪ್ ಹುಡುಕತೊಡಗಿತು.

ಆ ಹನ್ನೆರಡೂವರೆಯ ಫೋನು, ಆ ಬೆಂಚು, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ನಾನು ಅವಳ ಬಲಗೈಯ ಮೇಲೆ ನನ್ನ ಕೈಯಿಟ್ಟು ಒತ್ತಿ ಹಿಡಿದೆ.

“ಈಗ ಬೇಡ ಚಿನ್ನ,” ಅಂದೆ ಕನ್ನಡದಲ್ಲಿ.

ಅವಳು ಒಂದು ಸಲ ಕೈ ಎಳೆದುಕೊಂಡಳು. ನಾನು ಬಿಡಲಿಲ್ಲ. ಎರಡನೆಯ ಸಲ ಎಳೆಯಲಿಲ್ಲ. ಬಂದ ಹೆಂಗಸು ಅದನ್ನು ಮುದ್ದು ಎಂದುಕೊಂಡು ನಮ್ಮಿಬ್ಬರನ್ನೂ ನೋಡಿ ನಕ್ಕರು, ಮುಂದಿನ ಸಾಲಿಗೆ ಹೋದರು. ಅಜ್ಜಿ ಮಾತ್ರ ಎಲ್ಲವನ್ನೂ ನೋಡಿದ್ದರು. ತಲೆ ತಗ್ಗಿಸಿದರು.

ಗಂಟೆಗಳು ವಾಪಸ್ ಬಂದವು. ಈಗ ಅಜ್ಜಿ ಮೂರರವರೆಗೂ ಅವಳ ಜೊತೆ ಇರುತ್ತಾರೆ. ಮಧ್ಯಾಹ್ನ ಫೋನು ಬಡಿದುಕೊಳ್ಳುವುದಿಲ್ಲ. ಮೊನ್ನೆ ಮಣ್ಣಿನಲ್ಲಿ ಒಂದು ಆಮೆ ಮಾಡಿ ತಂದಿದ್ದಳು. ಕಾಗದ ಬಂದ ದಿನ ಕುಣಿದಾಡುತ್ತೇನೆಂದುಕೊಂಡಿದ್ದೆ, ಬಂದದ್ದು ಬರೀ ನಿದ್ದೆ. ಇನ್ನೊಮ್ಮೆ ಅದೇ ಕುರ್ಚಿಯಲ್ಲಿ ಕೂರಿಸಿದರೆ ಮತ್ತೆ ಅವಳ ಕೈ ಹಿಡಿಯುತ್ತೇನೆ, ಅದರಲ್ಲಿ ನನಗೆ ಅನುಮಾನವಿಲ್ಲ.

ಸೋಮವಾರ ಬೆಳಿಗ್ಗೆ ಹೊರಗೆ ಇಬ್ಬನಿ ಹೆಪ್ಪುಗಟ್ಟಿ ಹುಲ್ಲೆಲ್ಲ ಬೆಳ್ಳಗಾಗಿತ್ತು. ಕಾರು ಶುರು ಮಾಡಿಟ್ಟು ಬಂದು, “ಜಿಪ್ ಹಾಕ್ಕೊಳೇ, ಹೊತ್ತಾಯ್ತು” ಅಂದೆ. ಅವಳು ಬಾಗಿಲ ಹತ್ತಿರ ಜಾಕೆಟ್ ತೆರೆದುಕೊಂಡೇ ನಿಂತಿದ್ದಳು.

“ಐ ಕಾಂಟ್,” ಅಂದಳು.

“ಬರತ್ತಲ್ಲೇ ನಿಂಗೆ. ಅಜ್ಜಿ ಹೇಳ್ಕೊಟ್ಟಿದಾರಲ್ಲ.”

“ನೋ ಅಮ್ಮ. ಐ ಕಾಂಟ್ ಡೂ ಜಾಕೆಟ್ಸ್.” ಕೋಪವಿಲ್ಲ, ಬೇಜಾರಿಲ್ಲ. ಯಾರಾದರೂ ಹೆಸರು ಕೇಳಿದರೆ ಹೇಳುವ ಹಾಗೆ ಹೇಳಿ, ನನ್ನ ಕೈಗೆ ಅನುಕೂಲವಾಗಲೆಂದು ಗಲ್ಲ ಮೇಲಕ್ಕೆತ್ತಿ ನಿಂತಳು. ನಾನು ಬಗ್ಗಿ ಜಿಪ್ ಎಳೆದೆ.