ಹೊರಗಿನವನ ಅರ್ಧ

ನಮ್ಮ ಕಡೆ ಕುಲಕ್ಕೆ ಬರಿ ಎನ್ನುತ್ತಾರೆ. ಮಕ್ಕಳಿಗೆ ತಾಯಿಯ ಬರಿ. ಅಪ್ಪನಾದವನು ತನ್ನ ಮನೆಯಲ್ಲೇ ಬೇರೆ ಬರಿಯವನು. ಇದನ್ನಿಟ್ಟುಕೊಂಡು ಹೆಂಡತಿ ಜೀವಮಾನವಿಡೀ ನನ್ನ ಕಾಲೆಳೆದಳು. ಮಗಳ ಜತೆ ಜಗಳಕ್ಕೆ ನಿಂತರೆ ಸಾಕು, "ನಾವಿಬ್ರು ಒಂದೇ ಬರಿ. ನೀವು ಹೊರಗಿನವ್ರು, ಸುಮ್ನಿರಿ ಮಾರಾಯ್ರೆ" ಎನ್ನುತ್ತಿದ್ದಳು.

ಅವಳ ಕಿಡ್ನಿಗಳು ಕೈಕೊಟ್ಟಾಗ ವಾಮದಪದವಿನ ನನ್ನ ಹೋಟೆಲಿಗೆ ಬಾಗಿಲು ಹಾಕಿ, ಡಯಾಲಿಸಿಸ್‌ಗೆಂದು ಬಂಟ್ವಾಳಕ್ಕೆ ಓಡಾಡತೊಡಗಿದೆ. ಕಿಡ್ನಿ ಕೊಡಲು ನಾನೂ ತಯಾರು, ಮಗಳೂ ತಯಾರು. ರಕ್ತದ ಗುಂಪು ಮೂವರದೂ ಒಂದೇ. ನನ್ನದು ಕೂಡಿಬರದಿದ್ದರೂ ಮಗಳದು ಬಂದೇ ಬರುತ್ತದೆ, ಒಂದೇ ಬರಿಯಲ್ಲವೇ ಎಂದು ನಂಬಿ ಕೂತಿದ್ದೆವು. ಎಂಥ ಪೆದ್ದರು!

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಮಂಗಳೂರಿನ ಡಾಕ್ಟರು ಗಂಡ ಹೆಂಡತಿಯನ್ನು ಮಾತ್ರ ಒಳಗೆ ಕರೆದರು.

"ಇಬ್ಬರದೂ ಆಗುದಿಲ್ಲ. ಹೊಟ್ಟೆಯಲ್ಲಿರುವ ಮಗು ಅರ್ಧ ಅಪ್ಪನದ್ದು, ತಾಯಿಯ ದೇಹಕ್ಕೆ ಹೊರಗಿನದ್ದು. ಆದ್ರೂ ದೇಹ ಅದನ್ನು ದೂಡುದಿಲ್ಲ. ಬಸುರಿನಲ್ಲಿ ಬರುವ ಕೆಲವು ಪ್ರೋಟೀನುಗಳು ದೇಹದ ಕಾವಲನ್ನು ಸಮಾಧಾನ ಮಾಡ್ತವೆ. ಹೆರಿಗೆ ಆದ ಮೇಲೆ ಅವು ಇರುದಿಲ್ಲ. ಆದ್ರೆ ಆ ಕಾವಲಿಗೆ ಅಪ್ಪನ ಗುರುತು ಉಳೀತದೆ. ಇವರಿಗೆ ತುಂಬ ಜೋರಾಗಿ ಉಳಿದಿದೆ. ನಿಮ್ಮ ಅಂಶ ಕಂಡಲ್ಲಿ ಮೇಲೆ ಬೀಳ್ತದೆ, ನಿಮ್ಮಲ್ಲಾದ್ರೂ ಸರಿ, ಮಗಳಲ್ಲಾದ್ರೂ ಸರಿ."

"ಹಾಗಾದ್ರೆ ಆ ಪ್ರೋಟೀನನ್ನೇ ಈಗ ಕೊಡಿ ಡಾಕ್ಟ್ರೇ" ಎಂದೆ.

"ಕಸಿ ಮಾಡಿದ ಜೀವಕೋಶ ಅದರಿಂದ ಉಳೀತದಾ ಅಂತ ಇಲಿಗಳಲ್ಲಿ ನೋಡ್ತಾ ಇದ್ದಾರೆ. ಮನುಷ್ಯರಿಗೆ ಕೊಡುವಂಥದ್ದು ಇನ್ನೂ ಇಲ್ಲ."

ದೇವರಾಣೆ, ನನಗೆ ಆ ಇಲಿಗಳ ಮೇಲೆ ಹೊಟ್ಟೆಕಿಚ್ಚಾಯಿತು.

ಹೊರಗೆ ಮಗಳು ಕಾಯುತ್ತಿದ್ದಳು. ಬಾಗಿಲ ಬಳಿ ಹೆಂಡತಿ ನನ್ನ ಕೈ ಹಿಡಿದಳು. "ಮ್ಯಾಚ್ ಆಗ್ಲಿಲ್ಲ, ಅಷ್ಟೇ ಹೇಳಿ. ತಾನು ಹುಟ್ಟಿದ್ರಿಂದ ಹೀಗಾಯ್ತು ಅಂತ ಅವಳಿಗೆ ಗೊತ್ತಾಗ್ಬಾರ್ದು, ಆಯ್ತಾ?"

ಆಯ್ತು ಎಂದೆ.

ಬೇರೆ ಯಾರದಾದರೂ ಕಿಡ್ನಿ ಸಿಕ್ಕೀತೆಂದು ಕಾಯುತ್ತ ಕಾಯುತ್ತ ಅವಳು ಹೋಗಿಬಿಟ್ಟಳು. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಬಂದ ನೆಂಟರೆಲ್ಲ ಊಟ ಮುಗಿಸಿ ಹೊರಟ ಮೇಲೆ ಮಗಳು ಅಮ್ಮನ ಸೀರೆಗಳನ್ನು ಮಡಚಲು ಕುಳಿತಳು. ಮೊಬೈಲಿನಲ್ಲಿ ಏನೇನು ಓದಿದ್ದಳೋ ಏನೋ, ತಲೆಯೆತ್ತದೆ ಕೇಳಿದಳು.

"ಅಪ್ಪಾ, ನಾನು ಹುಟ್ಟದಿದ್ರೆ ನಿಮ್ಮ ಕಿಡ್ನಿ ಅಮ್ಮನಿಗೆ ಆಗ್ತಿತ್ತಲ್ಲ?"

"ಎಂಥ ಮಾತು ಮಾರಾಯ್ತಿ! ನನ್ನದು ಮೊದಲಿನಿಂದಲೂ ಆಗುವಂಥದ್ದೇ ಅಲ್ಲ" ಎಂದೆ. ಅವಳು ಮಡಚಿಟ್ಟಿದ್ದ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚತೊಡಗಿದೆ.

ಅವಳು ನನ್ನ ಮುಖವನ್ನೇ ನೋಡುತ್ತ ಕುಳಿತಳು. ಆಮೇಲೆ ಮೆಲ್ಲಗೆ, "ಸಾರಿ ಅಪ್ಪ" ಎಂದಳು.