ಹಳಿಯಾಳದ ಹಸೀನಾಳ ನಾಲ್ಕು ಹೂವು

ಮಲ್ಲವ್ವ ಹಸೀನಾಳನ್ನು ಮೊದಲು ಕಂಡದ್ದು ಒಂದು ಮಂಗಳವಾರ, ಬೆಳಗಿನ ಹತ್ತೂಕಾಲಿಗೆ, ವಡಾಲ ಸ್ಟೇಷನ್ನಿನಲ್ಲಿ ತಾನು ಕುಳಿತಿದ್ದ ಬೆಂಚಿನ ಬಳಿ. ಕಡುಗಪ್ಪು ಮೈಬಣ್ಣ, ಗುಂಗುರು ಕೂದಲು, ಹಸಿರು ದುಪಟ್ಟಾ. ಯಾವುದೋ ದೂರದೇಶದ ಮೇಡಂ ಇರಬೇಕೆಂದು ಮಲ್ಲವ್ವ ತನ್ನಲ್ಲಿದ್ದ ಹಿಂದಿಯನ್ನೆಲ್ಲ ಕನ್ನಡದ ರಾಗದಲ್ಲೇ ಒಟ್ಟುಗೂಡಿಸಿ, "ಮೇಡಂ, ಕಿದರ್ ಜಾನೇಕಾ?" ಎಂದಳು.

"ಹಳಿಯಾಳದಾಕಿಗೆ ಹಿಂದಿ ಯಾಕಬೇ ಯಕ್ಕಾ? ಚೂರು ಸರಿ, ಕುಂದರ್ತೇನಿ."

ನಕ್ಕು ನಕ್ಕು ಇಬ್ಬರೂ ಒಂದು ಲೋಕಲ್ ರೈಲು ತಪ್ಪಿಸಿಕೊಂಡರು.

ಹಸೀನಾ ಸಿದ್ದಿ ಸಮುದಾಯದವಳು. ಬಾಂದ್ರಾದ ಮನೆಗಳಲ್ಲಿ ಕೂಸುಗಳನ್ನು ನೋಡಿಕೊಳ್ಳುತ್ತ ಮೂವತ್ತು ವರ್ಷ ಕಳೆದಿದ್ದಳು. ಆದರೂ "ಯಾವ ದೇಶ?" ಎಂದು ಕೇಳದವರಿರಲಿಲ್ಲ. "ಇದ ದೇಶ" ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಇಬ್ಬರಿಗೂ ಹಳೆಯ ಸೀರೆಗಳಿಂದ ಕೌದಿ ಹೊಲಿಯುವ ಹುಚ್ಚು. ರಜೆಯ ದಿನ ಮಲ್ಲವ್ವನ ಚಾಳಿನ ಗ್ಯಾಲರಿಯಲ್ಲಿ ಕೂಡುತ್ತಿದ್ದರು.

ಹಸೀನಾ ಒಂದು ಕೌದಿ ಮುಗಿಸಿದಾಗ ನಾಲ್ಕು ಮೂಲೆಗಳಲ್ಲೂ ಮಡಿಸಿದ ಬಟ್ಟೆಯ ತುಣುಕುಗಳು ಹೊರಗೆ ಚಾಚಿಕೊಂಡಿದ್ದವು. ಅಂಚು ಎಳೆಯಷ್ಟು ಸೊಟ್ಟಗಾದರೂ ಸಹಿಸದ ಮಲ್ಲವ್ವ, ಗೆಳತಿ ಚಹಾ ಸೋಸುವಷ್ಟರಲ್ಲಿ ನೀಲಿಯದೊಂದನ್ನು ಕಚಕ್ಕನೆ ಕತ್ತರಿಸಿದಳು.

"ಯಾ ಅಲ್ಲಾ! ಕೌದಿ ಬತ್ತಲೆ ಮಾಡಿದೆಲ್ಲಬೇ!"

"ಉಳದ ಚಿಂದಿ ಅನ್ಕೊಂಡೆ."

"ಚಿಂದಿ ನಿನ್ನ ಮೂಗು! ಅವು ಹೂವು. ನಾಕು ಮೂಲಿಗೆ ನಾಕು. ಇಲ್ಲಂದ್ರ ಕೌದಿ ಬತ್ತಲೆ ಇದ್ದಂಗ."

ಬೇರೆ ಹೂವು ಹಚ್ಚುತ್ತ ಹಸೀನಾ ತನ್ನ ಹಿರಿಯರ ಕಥೆ ಹೇಳಿದಳು. ಪೋರ್ತುಗೀಜರು ಅವರನ್ನು ಆಫ್ರಿಕಾದಿಂದ ಹಡಗಿನಲ್ಲಿ ಗೋವೆಗೆ ತಂದು, ಸಂತೆಯಲ್ಲಿ ಬತ್ತಲೆ ನಿಲ್ಲಿಸಿ, ಹಲ್ಲು ನೋಡಿ ಮಾರಿದ್ದರು. ಅಜ್ಜಿಯ ಅಜ್ಜಿಯೊಬ್ಬಳು ಒಡೆಯನ ಕಣ್ಣು ತಪ್ಪಿಸಿ ಘಟ್ಟ ಹತ್ತಿ ಹಳಿಯಾಳದ ಕಾಡು ಸೇರಿದ್ದಳು.

"ಗುಲಾಮಗಿರಿ ಬಂದ್ ಅಂತ ಸರಕಾರ ಕಾಗದ ಬರಿಯೂಕಿಂತ ಮೊದ್ಲ ಆಕಿ ಬಂದ್ ಮಾಡಿದ್ಲು, ಕಾಲಿಲೆ!"

ಬಾಂದ್ರಾದಲ್ಲಿ ಹೋಟೆಲ್ ಇಟ್ಟ ಉಡುಪಿಯವರ ಮಗಳು, ಹಸೀನಾ ಆಡಿಸಿ ಬೆಳೆಸಿದ ಯಕ್ಷಿತಾ, ಹೀಗೆ ಕಡಲು ದಾಟಿಸಿ ತರಲಾದವರ ಕುರಿತು ಒಂದು ಪ್ರದರ್ಶನ ಏರ್ಪಡಿಸಿದಳು. ಗೋಡೆಯ ಮೇಲೆ ಹಸೀನಾಳ ಕೌದಿ, ಕೆಳಗೆ ಅವಳ ಹೆಸರು, ಊರು ಹಾಕುವುದೆಂದಾಯಿತು. ಇನ್ನು ತನ್ನ ಊರನ್ನು ಗೋಡೆಯೇ ಹೇಳುತ್ತದೆಂದು ಹಸೀನಾ ದಿನ ಎಣಿಸಿದಳು. ಹೋಗಿ ನೋಡಿದರೆ ಗಾಜಿನ ಚೌಕಟ್ಟು ಕೌದಿಗಿಂತ ಚಿಕ್ಕದು.

"ಕಾರ್ನರ್ ಮಾತ್ರ ಅಲ್ವಾ ಆಂಟಿ, ಹಿಂದೆ ಫೋಲ್ಡ್ ಮಾಡುವಾ," ಎಂದಳು ಯಕ್ಷಿತಾ.

ಹಸೀನಾ ಕೌದಿ ಸುತ್ತಿ ಕಂಕುಳಲ್ಲಿ ಸಿಕ್ಕಿಸಿದಳು. "ನಮ್ಮನ್ನ ಒಮ್ಮೆ ಬತ್ತಲೆ ನಿಲ್ಲಿಸಿ ನೋಡಿದ್ದು ಸಾಕವ್ವ."

ಜೊತೆಗೆ ಬಂದಿದ್ದ ಮಲ್ಲವ್ವ ಚೌಕಟ್ಟಿಗೆ ಗೇಣು ಹಾಕಿ ಅಳೆದಳು. "ಒಂದು ಗೇಣು, ನಾಕು ಬೆರಳು ಕಡಿಮಿ. ಸಣ್ಣದಾಗಿದ್ದು ಗಾಜು, ಕೌದಿ ಅಲ್ಲ. ಒಂದು ಕೋಲು ತಾ ಮಗಳ."

ಹಸೀನಾಳ ಕಂಕುಳಿನಿಂದ ಕೌದಿ ಎಳೆದುಕೊಂಡು, ಅಲ್ಲೇ ನೆಲದ ಮೇಲೆ ಕುಳಿತು ಮೇಲಂಚಿನ ಹಿಂದೆ ಒಂಬತ್ತು ಕುಣಿಕೆ ಹೊಲಿದಳು. ಕೌದಿ ಕೋಲಿಗೆ ತೂಗುಬಿತ್ತು, ನಾಲ್ಕೂ ಹೂವು ಎದ್ದು ಕಾಣುವಂತೆ. ಕೆಳಗಿನ ಚೀಟಿಯನ್ನು ಮಲ್ಲವ್ವ ಬೆರಳಿಟ್ಟು ಕೂಡಿಸಿ ಓದಿದಳು: "ಹ... ಸೀ... ನಾ. ಹ... ಳಿ... ಯಾಳ."

"ಇನ್ನೊಮ್ಮೆ ಓದಬೇ," ಎಂದಳು ಹಸೀನಾ. ಹಾಗೆ ಐದು ಸಲ ಓದಿಸಿದಳು.

ಮರುವರ್ಷ ಹಸೀನಾ ಕೆಲಸ ಬಿಟ್ಟು ಊರಿಗೆ ಹೊರಟಳು. ದಾದರಿನಲ್ಲಿ ಗಾಡಿ ಬಿಡುವ ಮೊದಲು ಮಲ್ಲವ್ವ ತಾನು ಹೊಲಿದ ಕೌದಿಯನ್ನು ಅವಳ ಮಡಿಲಿಗಿಟ್ಟಳು. ನಾಲ್ಕು ಮೂಲೆಗೆ ನಾಲ್ಕು ಹೂವು. ಹಸೀನಾ ಒಂದೊಂದೇ ಮೂಲೆ ತಡವುತ್ತ ಬಂದು ನೀಲಿ ಹೂವಿನ ಹತ್ತಿರ ಕೈ ನಿಲ್ಲಿಸಿದಳು. ಅದರ ಬುಡದಲ್ಲಿ ಕತ್ತರಿಯ ಗುರುತಿತ್ತು.

"ಇದು ನಂದ. ಉಳದ ಮೂರು ಯಾರ ಕೌದಿ ಬತ್ತಲೆ ಮಾಡಿ ತಂದಿಬೇ ಯಕ್ಕಾ?"